ಲೂರ್ ಮೇಲೆ ಫಾಯಿಲ್ ಸುಕ್ಕಾಗದಂತೆ, ಏಳದಂತೆ

ಮರದ ಲೂರ್‌ಗೆ, ಅಂದರೆ ಮೀನು ಹಿಡಿಯಲು ಗಾಳಕ್ಕೆ ಕಟ್ಟುವ ಹುಸಿ ಮೀನಿಗೆ, ಫಾಯಿಲ್ ಅಂಟಿಸಿದರೆ ಹೊಟ್ಟೆಯ ಹತ್ತಿರ ಸುಕ್ಕಾಗುತ್ತದೆ, ನೀರಿಗೆ ಬಿಟ್ಟ ಮೇಲೆ ಅಂಚು ಏಳುತ್ತದೆ ಅಂತ ಕೇಳಿದ್ದೀರಿ. ನನಗೂ ಎರಡೂ ಆಗಿವೆ.

ಅಡುಗೆಮನೆಯ ಫಾಯಿಲ್ ಬಿಡಿ. ಹಿಂದೆ ಅಂಟಿರುವ ಅಲ್ಯೂಮಿನಿಯಂ ಟೇಪ್ ತಗೊಳ್ಳಿ. ಅದು ಸ್ವಲ್ಪ ದಪ್ಪ, ಉಬ್ಬಿನ ಮೇಲೆ ಚೆನ್ನಾಗಿ ಕೂರುತ್ತದೆ. ಹಿಂದಿನ ಕಾಗದ ತೆಗೆಯುವ ಮುಂಚೆ ಒರಟು ಅರದ ಮೇಲಿಟ್ಟು ಒತ್ತಿ ಉಜ್ಜಿ. ಮೀನಿನ ಹುರುಪೆಯಂಥ ಗುರುತು ಮೂಡುತ್ತದೆ, ಸಣ್ಣ ಸುಕ್ಕುಗಳೂ ಅದರಲ್ಲೇ ಅಡಗುತ್ತವೆ. ಒಂದೊಂದು ಪಕ್ಕಕ್ಕೆ ಒಂದೊಂದು ತುಂಡು. ನಡುವಿನಿಂದ ಶುರುಮಾಡಿ ಅಂಚಿನ ಕಡೆಗೆ ಚಮಚದ ಬೆನ್ನಿನಿಂದ ಉಜ್ಜುತ್ತಾ ಹೋಗಿ. ತೀರಾ ತಿರುವು ಇರುವಲ್ಲಿ ಅಂಚಿಗೆ ಸಣ್ಣ ಸೀಳು ಕೊಡಿ.

ಅಂಚು ಏಳೋದಕ್ಕೆ ಟೇಪ್ ಕಾರಣ ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಸಾಮಾನ್ಯವಾಗಿ ತಪ್ಪು ಮರದಲ್ಲಿರುತ್ತದೆ. ನೀರು ಕುಡಿದು ಮರ ಉಬ್ಬಿದರೆ ಯಾವ ಅಂಟೂ ನಿಲ್ಲುವುದಿಲ್ಲ, ಅಲ್ವಾ? ಆದ್ದರಿಂದ ಮೊದಲು ಮರಕ್ಕೆ ತೆಳು ಎಪಾಕ್ಸಿ (ಎರಡು ದ್ರವ ಬೆರೆಸಿದಾಗ ಗಟ್ಟಿಯಾಗುವ ಅಂಟು) ಹಚ್ಚಿ. ಕೊಕ್ಕೆಯ ತೂತುಗಳ ಒಳಗೂ ಹೋಗಲಿ. ಒಣಗಿದ ಮೇಲೆ ಸ್ಯಾಂಡ್‌ಪೇಪರ್‌ನಿಂದ ನುಣುಪು ಮಾಡಿ, ಆಮೇಲೆ ಫಾಯಿಲ್.

ಬೆರಳಿನ ಜಿಡ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿಯೇ ಬಣ್ಣ ಹಚ್ಚಿ. ಗಟ್ಟಿ ಬಣ್ಣ ಬೆನ್ನಿಗೆ ಮಾತ್ರ ಸಾಕು. ಪಕ್ಕಕ್ಕೂ ಬಳಿದರೆ ಹೊಳಪೇ ಮುಚ್ಚಿಹೋಗುತ್ತದೆ. ಕೊನೆಗೆ ಎಪಾಕ್ಸಿ ಎರಡು ಪದರ, ಗಟ್ಟಿಯಾಗುವವರೆಗೆ ನಿಧಾನವಾಗಿ ತಿರುಗಿಸುತ್ತಿರಿ.