ಆಲ್ಪ್ಸ್‌ನಲ್ಲಿ ಒಂಬತ್ತು ರಾತ್ರಿ: ಎರಡೇ ಊರು ಸಾಕು

ಪ್ರಶ್ನೆ: ತಿಕೋಟಾ ಹತ್ತಿರ ನಮ್ಮ ದ್ರಾಕ್ಷಿ ತೋಟವಿದೆ. ಬರುವ ಜನವರಿಗೆ ನಮ್ಮ ಮದುವೆಯಾಗಿ 25 ವರ್ಷ. ಹೆಂಡತಿ, ಪದವಿ ಓದುತ್ತಿರುವ ಮಗಳು ಮತ್ತು 68 ವರ್ಷದ ತಾಯಿಯೊಂದಿಗೆ ಸ್ವಿಟ್ಜರ್ಲೆಂಡಿಗೆ ಹೋಗಿ ಹಿಮ ನೋಡುವ ಆಸೆ. ಜೀವನದಲ್ಲಿ ಒಮ್ಮೆ ಹೋಗುವುದು, ಖರ್ಚಿಗೆ ಹಿಂಜರಿಯುವುದಿಲ್ಲ. ಪ್ರವಾಸ ಸಂಸ್ಥೆಯೊಂದು ಒಂಬತ್ತು ರಾತ್ರಿಯಲ್ಲಿ ಪ್ಯಾರಿಸ್, ಲೂಸರ್ನ್, ಇಂಟರ್‌ಲಾಕೆನ್, ಜರ್ಮಾಟ್, ಸೇಂಟ್ ಮಾರಿಟ್ಜ್, ಮಿಲಾನ್ ತೋರಿಸುತ್ತೇವೆ, ಎಲ್ಲ ಕಡೆ ಪಂಚತಾರಾ ಹೋಟೆಲ್ ಎಂದಿದೆ. ತಾಯಿಗೆ ಮೊಣಕಾಲು ನೋವು, ರಕ್ತದೊತ್ತಡ ಇವೆ. ಈ ಯೋಜನೆ ಸರಿಯೇ?
– ಓದುಗರು, ವಿಜಯಪುರ ಜಿಲ್ಲೆ

ಉತ್ತರ: ಸರಿಯಿಲ್ಲ. ದಯವಿಟ್ಟು ಮುಂಗಡ ಕಟ್ಟುವ ಮೊದಲು ಇದನ್ನು ಓದಿ.

ಜನವರಿಯಲ್ಲಿ ಆಲ್ಪ್ಸ್ ಸೀಮೆಯಲ್ಲಿ ಸೂರ್ಯ ಹುಟ್ಟುವುದೇ ಬೆಳಿಗ್ಗೆ ಎಂಟರ ನಂತರ, ಸಂಜೆ ಐದಕ್ಕೆಲ್ಲ ಮುಳುಗುತ್ತಾನೆ. ಕಣ್ಣಿಗೆ ದಕ್ಕುವ ಬೆಳಕು ಒಂಬತ್ತು ತಾಸು ಮಾತ್ರ. ಊರು ಬದಲಿಸುವ ದಿನ ಬ್ಯಾಗು ಕಟ್ಟುವುದು, ನಿಲ್ದಾಣ, ರೈಲು, ಮತ್ತೆ ಹೋಟೆಲಿನ ಕೋಣೆಗಾಗಿ ಕಾಯುವುದು, ಇಷ್ಟರಲ್ಲೇ ಆ ಬೆಳಕು ಮುಗಿಯುತ್ತದೆ. ಆರು ಊರೆಂದರೆ ಪರ್ವತ ಕಾಣುವ ಕೋಣೆಗೆ ದುಡ್ಡು ಕೊಟ್ಟು ಕತ್ತಲು ನೋಡಿ ಬರುವುದು. ಅದರಲ್ಲೂ ತಾಯಿಯವರ ಮೊಣಕಾಲಿಗೆ ಹಿಮದಲ್ಲಿ ಆರು ಸಲ ಹತ್ತಿಳಿಯುವುದು ಶಿಕ್ಷೆಯೇ ಸರಿ.

ನನ್ನ ಸಲಹೆ ಇಷ್ಟು: ಜರ್ಮಾಟ್‌ನಲ್ಲಿ ಐದು ರಾತ್ರಿ, ಸೇಂಟ್ ಮಾರಿಟ್ಜ್‌ನಲ್ಲಿ ಮೂರು, ಮರಳುವ ಮುನ್ನ ಜ್ಯೂರಿಕ್‌ನಲ್ಲಿ ಒಂದು. ಪ್ಯಾರಿಸ್, ಮಿಲಾನ್‌ಗಳನ್ನು ಕೈಬಿಡಿ. ಅವುಗಳ ಸೊಗಸು ಬೇರೆ ಋತುವಿನದು.

ಐದು ರಾತ್ರಿ ಯಾಕೆ ಎಂದು ಕೇಳುವಿರಿ. ನಾನು ಮೊದಲ ಸಲ ಜರ್ಮಾಟ್‌ಗೆ ಹೋದಾಗ ಎರಡೇ ರಾತ್ರಿ ಇದ್ದೆ. ಎರಡೂ ದಿನ ಮೋಡ ಕವಿದಿತ್ತು. 4,478 ಮೀಟರ್ ಎತ್ತರದ ಮ್ಯಾಟರ್‌ಹಾರ್ನ್ ಎದುರಿಗೇ ಇದ್ದರೂ ಕಾಣಲಿಲ್ಲ, ಅಂಗಡಿಗಳಲ್ಲಿ ಅದರ ಚಿತ್ರ ನೋಡಿಕೊಂಡು ಬಂದೆ. ಮುಂದಿನ ಸಲ ಐದು ರಾತ್ರಿ ಉಳಿದೆ. ಮೂರನೆಯ ಬೆಳಿಗ್ಗೆ ಪರದೆ ಸರಿಸಿದರೆ ಊರೆಲ್ಲ ಇನ್ನೂ ನೀಲಿ ಕತ್ತಲಲ್ಲಿತ್ತು, ಶಿಖರದ ತುದಿ ಮಾತ್ರ ಮಹಾಲಿಂಗಪುರದ ಬೆಲ್ಲದ ಬಣ್ಣಕ್ಕೆ ತಿರುಗಿತ್ತು. ಬೆಳಕು ಕೆಳಗೆ ಇಳಿಯುತ್ತಾ ಬಂದಂತೆ ಬಣ್ಣ ತಿಳಿಯಾಯಿತು. ಹತ್ತು ಹನ್ನೆರಡು ನಿಮಿಷದ ನೋಟ. ಅದಕ್ಕೇ ಹೇಳುತ್ತೇನೆ, ಆರು ಪಂಚತಾರಾ ಹೋಟೆಲುಗಳ ಬದಲು ಒಂದೇ ಒಳ್ಳೆಯ ಹೋಟೆಲಿನಲ್ಲಿ ಮ್ಯಾಟರ್‌ಹಾರ್ನ್ ಕಡೆಗೆ ಮುಖವಿರುವ ಕೋಣೆ ಹಿಡಿಯಿರಿ. 'ಪರ್ವತ ನೋಟ' ಎಂದಷ್ಟೇ ಬರೆದಿದ್ದರೆ ನಂಬಬೇಡಿ, ಅಲ್ಲಿ ಎಲ್ಲ ಕಡೆಯೂ ಪರ್ವತವೇ. 'ಮ್ಯಾಟರ್‌ಹಾರ್ನ್ ನೋಟ' ಎಂದು ಬುಕಿಂಗ್ ಪತ್ರದಲ್ಲಿ ಬರೆಸಿಕೊಳ್ಳಿ.

ಜರ್ಮಾಟ್ 1,608 ಮೀಟರ್ ಎತ್ತರದಲ್ಲಿದೆ. ಪೆಟ್ರೋಲ್, ಡೀಸೆಲ್ ಕಾರುಗಳಿಗೆ ಊರೊಳಗೆ ಪ್ರವೇಶವಿಲ್ಲ; ಕಾರಿನಲ್ಲಿ ಬಂದವರು ಟೆಶ್ ಎಂಬಲ್ಲಿ ಗಾಡಿ ನಿಲ್ಲಿಸಿ ರೈಲು ಹಿಡಿಯಬೇಕು. ನೀವು ಜ್ಯೂರಿಕ್ ವಿಮಾನ ನಿಲ್ದಾಣದಿಂದ ರೈಲಿನಲ್ಲೇ ಹೋಗಿ. ವಿಸ್ಪ್‌ನಲ್ಲಿ ಒಮ್ಮೆ ಬದಲಿಸಿದರೆ ಮೂರೂವರೆ ನಾಲ್ಕು ತಾಸಿನ ದಾರಿ. ಒಳ್ಳೆಯ ಹೋಟೆಲುಗಳು ನಿಲ್ದಾಣಕ್ಕೆ ವಿದ್ಯುತ್ ಗಾಡಿ ಕಳಿಸುತ್ತವೆ. ರೈಲಿನ ಸಮಯ ಮೊದಲೇ ತಿಳಿಸಿದರೆ ತಾಯಿಯವರು ಹೆಪ್ಪುಗಟ್ಟಿದ ರಸ್ತೆಯಲ್ಲಿ ಹೆಜ್ಜೆ ಇಡುವ ಪ್ರಮೇಯವೇ ಬರುವುದಿಲ್ಲ.

ತಾಯಿಯವರಿಗೆ ಹಿಮ ತೋರಿಸಲು ಜರ್ಮಾಟ್‌ನಿಂದ ಬೆಟ್ಟವೇರುವ ಗೋರ್ನರ್‌ಗ್ರಾಟ್ ರೈಲು ಹೇಳಿ ಮಾಡಿಸಿದಂತಿದೆ. 1898ರಿಂದ ಓಡುತ್ತಿರುವ ಹಲ್ಲುಹಳಿಯ ರೈಲು ಅದು, ಮೊದಲ ದಿನದಿಂದಲೇ ವಿದ್ಯುತ್ತಿನದು. ಸುಮಾರು 33 ನಿಮಿಷದಲ್ಲಿ 3,089 ಮೀಟರ್ ತಲುಪಿಸುತ್ತದೆ. ಏರುವಾಗ ಬಲಗಡೆ ಕೂರಿಸಿ, ಮ್ಯಾಟರ್‌ಹಾರ್ನ್ ಆ ಕಡೆಗೇ ಕಾಣುತ್ತದೆ. 3,454 ಮೀಟರ್ ಎತ್ತರದ ಯುಂಗ್‌ಫ್ರಾಯೋಖ್‌ಗಾಗಲಿ, 3,883 ಮೀಟರಿನ 'ಮ್ಯಾಟರ್‌ಹಾರ್ನ್ ಗ್ಲೇಸಿಯರ್ ಪ್ಯಾರಡೈಸ್' ಕೇಬಲ್ ಕಾರ್ ನಿಲ್ದಾಣಕ್ಕಾಗಲಿ ಅವರನ್ನು ಕರೆದೊಯ್ಯುವ ಹಟ ಬೇಡ. ಅಷ್ಟು ಎತ್ತರದಲ್ಲಿ ಉಸಿರಿಗೆ ಸಿಗುವ ಆಮ್ಲಜನಕ ನಮ್ಮ ಬಯಲಿಗಿಂತ ಸುಮಾರು ಮೂರನೆಯ ಒಂದು ಭಾಗದಷ್ಟು ಕಡಿಮೆ. ಗೋರ್ನರ್‌ಗ್ರಾಟ್‌ಗೂ ಬಂದಿಳಿದ ಮರುದಿನವೇ ಬೇಡ, ಎರಡು ದಿನ ಊರಲ್ಲಿ ಕಳೆದ ಮೇಲೆ ಹೋಗಿ. ರಕ್ತದೊತ್ತಡದ ವೈದ್ಯರನ್ನು ಹೊರಡುವ ತಿಂಗಳ ಮೊದಲೇ ಕಂಡು, ಎತ್ತರದ ಅಂಕಿಗಳನ್ನೇ ಹೇಳಿ ಅನುಮತಿ ಕೇಳಿ.

ಮಗಳು ಸ್ಕೀ ಕಲಿಯಲು ಬಯಸಿದರೆ ಮೂರು ಬೆಳಿಗ್ಗೆ ತರಬೇತುದಾರರನ್ನು ಗೊತ್ತು ಮಾಡಿ. ಮೊದಲ ದಿನ ಬೀಳುವುದು, ಎರಡನೆಯ ದಿನ ಮೈಕೈ ನೋವು, ಮೂರನೆಯ ದಿನ ನಿಜವಾದ ಸಂತೋಷ. ಒಂದೇ ದಿನದ ಪಾಠಕ್ಕೆ ದುಡ್ಡು ಹಾಕಬೇಡಿ. ಸಾಮಾನ್ಯ ಪ್ರವಾಸ ವಿಮೆಯಲ್ಲಿ ಸ್ಕೀ ಅಪಘಾತ ಸೇರಿರುವುದಿಲ್ಲ, ಚಳಿಗಾಲದ ಕ್ರೀಡೆ ಮತ್ತು ಹೆಲಿಕಾಪ್ಟರ್ ರಕ್ಷಣೆ ಎರಡನ್ನೂ ಸೇರಿಸಿಕೊಳ್ಳಿ.

ಆರನೆಯ ದಿನ ಗ್ಲೇಸಿಯರ್ ಎಕ್ಸ್‌ಪ್ರೆಸ್ ರೈಲು ಹಿಡಿಯಿರಿ. ಜರ್ಮಾಟ್‌ನಿಂದ ಸೇಂಟ್ ಮಾರಿಟ್ಜ್‌ಗೆ ಎಂಟು ತಾಸು, 291 ಸೇತುವೆ, 91 ಸುರಂಗ. ದಾರಿಯ ಅತಿ ಎತ್ತರ 2,033 ಮೀಟರಿನ ಓಬರ್‌ಆಲ್ಪ್ ಕಣಿವೆದಾರಿ. ಊರು ಬದಲಿಸುವ ದಿನವೇ ಪ್ರವಾಸದ ಅತಿ ಚೆಂದದ ದಿನವಾಗುವುದು ಇದೊಂದೇ ದಾರಿಯಲ್ಲಿ. ಎಕ್ಸಲೆನ್ಸ್ ದರ್ಜೆಯಲ್ಲಿ ಎಲ್ಲರಿಗೂ ಕಿಟಕಿ ಪಕ್ಕದ ಆಸನ, ಕುಳಿತಲ್ಲೇ ಊಟ. ನಿಮ್ಮ ಬೆಳ್ಳಿಹಬ್ಬಕ್ಕೆ ಯಾವುದಾದರೂ ಒಂದು ಕಡೆ ಕೈಬಿಚ್ಚಿ ಖರ್ಚು ಮಾಡುವುದಿದ್ದರೆ ಇಲ್ಲಿ ಮಾಡಿ.

ಸೇಂಟ್ ಮಾರಿಟ್ಜ್ ಎಂದರೆ ಚಳಿಗಾಲದ ವಿಹಾರದ ತವರು. 1864ರಲ್ಲಿ ಯೋಹಾನೆಸ್ ಬಾದ್ರುಟ್ ಎಂಬ ಹೋಟೆಲ್ ಮಾಲೀಕ ಬೇಸಿಗೆಗೆ ಬಂದಿದ್ದ ಇಂಗ್ಲಿಷ್ ಅತಿಥಿಗಳಿಗೆ 'ಚಳಿಗಾಲದಲ್ಲಿ ಬನ್ನಿ, ಹಿಡಿಸದಿದ್ದರೆ ದಾರಿ ಖರ್ಚು ನನ್ನದು' ಎಂದು ಪಂಥ ಕಟ್ಟಿದನೆಂಬ ಕಥೆ ಅಲ್ಲಿ ಇಂದಿಗೂ ಹೇಳುತ್ತಾರೆ. 1928 ಮತ್ತು 1948ರ ಚಳಿಗಾಲದ ಒಲಿಂಪಿಕ್ಸ್ ನಡೆದ ಊರದು. ಮಗಳನ್ನು ಪ್ರೇಡಾಕ್ಕೆ ಕಳಿಸಿ. ಅಲ್ಲಿಂದ ಬೆರ್ಗ್ಯೂನ್‌ವರೆಗೆ ಆರು ಕಿಲೋಮೀಟರ್ ಜಾರುಬಂಡಿಯಲ್ಲಿ ಇಳಿದು, ರೈಲಿನಲ್ಲಿ ಮತ್ತೆ ಮೇಲೇರಬಹುದು.

ದಿನಾಂಕದ ಮಾತು. ಕ್ರಿಸ್‌ಮಸ್, ಹೊಸ ವರ್ಷದ ವಾರಗಳಲ್ಲಿ ದರ ಆಕಾಶ ಮುಟ್ಟುತ್ತದೆ, ಏಳು ರಾತ್ರಿಗಿಂತ ಕಡಿಮೆಗೆ ಕೋಣೆ ಕೊಡದ ಹೋಟೆಲುಗಳೂ ಇವೆ. ಫೆಬ್ರುವರಿಯಲ್ಲಿ ಯುರೋಪಿನ ಶಾಲೆಗಳ ಸ್ಕೀ ರಜೆ. ನಡುವಿನ ಜನವರಿಯೇ ಹಿತ. ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆ ಬಿಟ್ಟು ನೀವು ಹೊರಡುವುದಿಲ್ಲವೆಂದು ನನಗೆ ಗೊತ್ತು. ಜಾತ್ರೆ ಮುಗಿಸಿಯೇ ಹೊರಡಿ. ಅಕ್ಟೋಬರ್ ಚಾಟ್ನಿಯ (ದ್ರಾಕ್ಷಿ ಬಳ್ಳಿ ಸವರುವ) ದಿನಾಂಕ ನೋಡಿ ತೋಟದ ಲೆಕ್ಕ ನೀವೇ ಹಾಕಬಲ್ಲಿರಿ. ಒಂದು ಎಚ್ಚರಿಕೆ: ಜನವರಿಯ ದ್ವಿತೀಯಾರ್ಧದಲ್ಲಿ ಸೇಂಟ್ ಮಾರಿಟ್ಜ್ ಸೀಮೆಯಲ್ಲೇ ಇರುವ ದಾವೋಸ್‌ನಲ್ಲಿ ವಿಶ್ವ ಆರ್ಥಿಕ ವೇದಿಕೆಯ ಸಭೆ ನಡೆಯುತ್ತದೆ. ಆ ವಾರ ಜರ್ಮಾಟ್‌ನಲ್ಲಿರಿ, ಸೇಂಟ್ ಮಾರಿಟ್ಜ್ ಆಮೇಲೆ ಬರಲಿ.

ಜ್ಯೂರಿಕ್‌ನ ಆ ಕೊನೆಯ ರಾತ್ರಿಯನ್ನು ಮಾತ್ರ ಉಳಿತಾಯಕ್ಕೆಂದು ತೆಗೆಯಬೇಡಿ. 2018ರ ಜನವರಿಯಲ್ಲಿ ಭಾರಿ ಹಿಮಪಾತದಿಂದ ಜರ್ಮಾಟ್‌ನ ರಸ್ತೆ, ರೈಲು ಎರಡೂ ಬಂದ್ ಆಗಿ ಸುಮಾರು 13,000 ಪ್ರವಾಸಿಗರು ಊರಲ್ಲೇ ಉಳಿಯಬೇಕಾಯಿತು. ಪರ್ವತದಿಂದ ಇಳಿದ ದಿನವೇ ವಿಮಾನ ಹತ್ತುವ ಯೋಜನೆ ಹಾಕಬಾರದು.

ಪ್ರಶ್ನೆ: ನಾವು ಮೊಟ್ಟೆ, ಮದ್ಯವನ್ನೂ ಮುಟ್ಟದ ಸಸ್ಯಾಹಾರಿಗಳು. ಅಲ್ಲಿ ಊಟ ಹೇಗೆ? ಜ್ಯೂರಿಕ್‌ನಲ್ಲಿರುವ ಅಣ್ಣನಿಗೆ ಬೆಳಗಾವಿಯ ಕುಂದಾ ಒಯ್ಯಬಹುದೇ?
– ಓದುಗರು, ಟಿಳಕವಾಡಿ, ಬೆಳಗಾವಿ

ಉತ್ತರ: ಕುಂದಾ ಬೇಡ. ನಮ್ಮ ದೇಶದಿಂದ ಮಾಂಸ ಮತ್ತು ಹಾಲಿನ ಪದಾರ್ಥ ಒಯ್ಯುವುದನ್ನು ಸ್ವಿಸ್ ಕಸ್ಟಮ್ಸ್ ನಿಷೇಧಿಸಿದೆ. ಖವೆಯ ಪೇಢೆ, ತುಪ್ಪದ ಡಬ್ಬಿಯೂ ಬೇಡ. ಅಣ್ಣನಿಗೆ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಕಡಕ್ ರೊಟ್ಟಿ ಒಯ್ಯಿರಿ. ಕುಂದಾಕ್ಕಿಂತ ಹೆಚ್ಚು ಹಿಗ್ಗುತ್ತಾರೆ.

ಸಸ್ಯಾಹಾರಿಗಳು ಎಡವುವುದು ಅಲ್ಲಿನ ಪ್ರಸಿದ್ಧ ತಿಂಡಿಗಳಲ್ಲೇ. ಫಾಂಡ್ಯೂ ಎಂದರೆ ಬರೀ ಕರಗಿಸಿದ ಚೀಸ್ ಎಂದು ನಮ್ಮವರು ನಿಶ್ಚಿಂತೆಯಿಂದ ತಿನ್ನುತ್ತಾರೆ. ಅದನ್ನು ಬಿಳಿ ವೈನ್‌ನಲ್ಲಿ ಕುದಿಸುತ್ತಾರೆ, ಮೇಲೆ ಚೆರಿ ಹಣ್ಣಿನ ಮದ್ಯವನ್ನೂ ಸುರಿಯುವುದುಂಟು. ಅದಕ್ಕೆ ಬಳಸುವ ಗ್ರುಯೇರ್ ಚೀಸ್‌ನ ಹಾಲು ಒಡೆಸುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್‌ನಿಂದ. ಆಲೂಗಡ್ಡೆಯನ್ನು ತುರಿದು ಹುರಿದ ರೋಸ್ಟಿ ಒಳ್ಳೆಯದು, ಆದರೆ ಹಂದಿಮಾಂಸದ ಚೂರು ಬೇಡವೆಂದು ಮೊದಲೇ ಹೇಳಬೇಕು. ಬುಕಿಂಗ್ ಮಾಡುವಾಗ 'ಸಸ್ಯಾಹಾರಿ' ಎಂದರೆ ಅವರ ಲೆಕ್ಕದಲ್ಲಿ ಮೊಟ್ಟೆ, ಚೀಸ್, ವೈನ್ ಎಲ್ಲ ನಡೆಯುತ್ತದೆ. ಮಾಂಸ, ಮೀನು, ಮೊಟ್ಟೆ, ಮದ್ಯ, ರೆನೆಟ್ ಬೇಡ ಎಂದು ಒಂದೊಂದಾಗಿ ಬರೆಯಿರಿ. ದೊಡ್ಡ ಹೋಟೆಲುಗಳ ಅಡುಗೆಮನೆಯವರು ಎರಡು ವಾರ ಮೊದಲು ತಿಳಿಸಿದರೆ ಶ್ರದ್ಧೆಯಿಂದ ಮಾಡಿಕೊಡುತ್ತಾರೆ.

ಪ್ರಶ್ನೆ: ನಮ್ಮ ಅತ್ತೆಯವರು ಇಳಕಲ್ ಸೀರೆ ಬಿಟ್ಟು ಬೇರೆ ಉಡುವುದಿಲ್ಲ. ಹಿಮದಲ್ಲಿ ಸೀರೆ ಆಗುತ್ತದೆಯೇ?
– ಓದುಗರು, ಬಾಗಲಕೋಟೆ

ಉತ್ತರ: ಖಂಡಿತ ಆಗುತ್ತದೆ. ಅವರ ಮೇಲೆ ಪ್ಯಾಂಟು ಹೇರಬೇಡಿ. ತೊಂದರೆ ಕೊಡುವುದು ಸೀರೆಯ ಕೆಳಅಂಚು ಮಾತ್ರ. ಹಿಮ ಅಂಚಿಗೆ ಮೆತ್ತಿಕೊಳ್ಳುತ್ತದೆ, ಒಳಗೆ ಬಂದಾಗ ಕರಗಿ ಹತ್ತಿಯ ನೂಲನ್ನು ತೋಯಿಸುತ್ತದೆ, ಮತ್ತೆ ಹೊರಗೆ ಕಾಲಿಟ್ಟರೆ ಅದೇ ಒದ್ದೆ ಅಂಚು ಹಪ್ಪಳದಂತೆ ಸೆಟೆದು ಕಾಲಿಗೆ ಬಡಿಯುತ್ತದೆ. ಆದ್ದರಿಂದ ಸೀರೆಯನ್ನು ಮೂರು ನಾಲ್ಕು ಬೆರಳು ಮೇಲೆ ಉಡಿಸಿ, ಒಳಗೆ ಮೆರಿನೋ ಉಣ್ಣೆಯ ಬಿಗಿ ಲೆಗಿಂಗ್ಸ್, ಕಣಕಾಲು ದಾಟುವ ನೀರು ಹಿಡಿಯದ ಬೂಟು. ರವಿಕೆಯ ಬದಲು ಉದ್ದ ತೋಳಿನ ಉಣ್ಣೆ ಬನಿಯನ್, ಮೇಲೆ ಮೊಣಕಾಲು ಮುಟ್ಟುವ ಪುಕ್ಕದ ಕೋಟು. ಸೆರಗನ್ನು ಕೋಟಿನೊಳಗೆ ಸಿಕ್ಕಿಸಿ. ಕೇಬಲ್ ಕಾರ್ ಬಾಗಿಲಿಗೆ, ಎಸ್ಕಲೇಟರಿಗೆ ಸಿಗಬಾರದು. ಬೂಟನ್ನು ಇಲ್ಲೇ ಕೊಂಡು ಹದಿನೈದು ದಿನ ಮನೆಯಲ್ಲಿ ತಿರುಗಾಡಿಸಿ. ಸ್ಕೀ ಉಡುಪು ಬೇಕಾದ ಕಿರಿಯರು ಅಲ್ಲೇ ಬಾಡಿಗೆಗೆ ಪಡೆಯಲಿ.

ಪ್ರಶ್ನೆ: ನಮ್ಮದು ಪೂರ್ತಿ ಕಬ್ಬಿನ ಆದಾಯ, ಆದಾಯ ತೆರಿಗೆ ವಿವರ ಸಲ್ಲಿಸಿಲ್ಲ. ವೀಸಾ ಸಿಗುವುದೇ? ಪ್ಯಾಕೇಜ್ ಮೇಲೆ ಟಿಸಿಎಸ್ (ಮೂಲದಲ್ಲೇ ವಸೂಲಿ ಮಾಡುವ ತೆರಿಗೆ) ಎಂದು ಹಿಡಿದ ಹಣ ಮರಳುತ್ತದೆಯೇ?
– ಓದುಗರು, ಅಥಣಿ

ಉತ್ತರ: ಕೃಷಿ ಆದಾಯದವರಿಗೂ ವೀಸಾ ಸಿಗುತ್ತದೆ, ಆದಾಯದ ಜಾಡು ಕಾಗದದಲ್ಲಿ ಕಾಣಬೇಕು ಅಷ್ಟೇ. ಹೊಲದ ಉತಾರ, ಕಾರ್ಖಾನೆಯ ಬಿಲ್ಲು, ಆ ಬಿಲ್ಲಿನ ಹಣ ಜಮೆಯಾದ ಬ್ಯಾಂಕ್ ವಿವರ, ಈ ಮೂರೂ ಒಂದಕ್ಕೊಂದು ತಾಳೆಯಾಗಲಿ. ಕನ್ನಡ ಕಾಗದಗಳಿಗೆ ಇಂಗ್ಲಿಷ್ ಅನುವಾದ ಲಗತ್ತಿಸಿ. ಅರ್ಜಿಗೆ ಮೊದಲು ಎಲ್ಲಿಂದಲೋ ಒಮ್ಮೆಲೇ ದೊಡ್ಡ ಮೊತ್ತ ತಂದು ಜಮೆ ಮಾಡಬೇಡಿ, ಅದೇ ಅನುಮಾನಕ್ಕೆ ದಾರಿ. ಸ್ವಿಟ್ಜರ್ಲೆಂಡಿಗೆ ಬೇಕಾದ ಷೆಂಗೆನ್ (ಯುರೋಪಿನ ಹಲವು ದೇಶಗಳಿಗೆ ಒಂದೇ) ವೀಸಾದ ಶುಲ್ಕ ವಯಸ್ಕರಿಗೆ 90 ಯೂರೋ, ವಿಮೆ ಕನಿಷ್ಠ 30,000 ಯೂರೋ. ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು. ಜನವರಿಗಾದರೆ ಅಕ್ಟೋಬರ್ ದಾಟಿಸಬೇಡಿ. ಬೆರಳಚ್ಚು ಕೊಡಲು ಮನೆಯ ಹಿರಿಯರೂ ಖುದ್ದಾಗಿ ಕೇಂದ್ರಕ್ಕೆ ಹೋಗಬೇಕು. ಕಳೆದ 59 ತಿಂಗಳಲ್ಲಿ ಕೊಟ್ಟಿದ್ದವರಿಗೆ ಸಾಮಾನ್ಯವಾಗಿ ವಿನಾಯಿತಿ ಇದೆ.

ಟಿಸಿಎಸ್ ನಿಮ್ಮದೇ ಹಣ, ನಿಮ್ಮ ಪ್ಯಾನ್ ಹೆಸರಿನಲ್ಲಿ ಸರ್ಕಾರದ ಬಳಿ ಜಮೆಯಾಗಿರುತ್ತದೆ. ಅದನ್ನು ಮರಳಿ ಪಡೆಯಲು ಆ ವರ್ಷ ಆದಾಯ ತೆರಿಗೆ ವಿವರ ಸಲ್ಲಿಸಲೇಬೇಕು, ಕೃಷಿ ಆದಾಯಕ್ಕೆ ತೆರಿಗೆ ಇಲ್ಲದಿದ್ದರೂ ಸಹ. ದರ ಬಜೆಟ್‌ಗಳಲ್ಲಿ ಬದಲಾಗುತ್ತಾ ಬಂದಿದೆ, ಆದ್ದರಿಂದ ಹಣ ಕಟ್ಟುವ ದಿನದ ದರವನ್ನು ರಸೀದಿಯಲ್ಲಿ ಬೇರೆಯಾಗಿ ಬರೆಸಿ. ಸ್ವಿಟ್ಜರ್ಲೆಂಡಿನಲ್ಲಿ ಖರ್ಚಿಗೆ ಬೇಕಾಗುವುದು ಸ್ವಿಸ್ ಫ್ರಾಂಕ್, ಯೂರೋ ಅಲ್ಲ.

ವಿಮಾನ ಮುಂಬೈನಿಂದಾದರೆ ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದಿಂದ ಅದೇ ದಿನ ಹಾರಿ ಹೋಗಿ ಹಿಡಿಯುತ್ತೇನೆ ಎನ್ನಬೇಡಿ. ಎರಡು ಬೇರೆ ಬೇರೆ ಟಿಕೆಟ್ ಆಗಿದ್ದರೆ ಮೊದಲನೆಯದು ತಡವಾದಾಗ ಎರಡನೆಯದರ ಹಣ ಹೋದಂತೆಯೇ. ನನಗೆ ಒಮ್ಮೆ ಹಾಗಾಗಿದೆ. ಹಿಂದಿನ ದಿನವೇ ಮುಂಬೈ ಸೇರಿ, ಹಿರಿಯರಿಗೆ ಒಂದು ರಾತ್ರಿ ನಿದ್ದೆ ಮಾಡಿಸಿ, ಆಮೇಲೆ ಹೊರಡಿ.