ಜಲಪಾತದವರೆಗೆ ರಸ್ತೆ ಕೇಳಬೇಡಿ

ಪುಣೆ ಜಿಲ್ಲೆಯ ಮಾವಳ ತಾಲ್ಲೂಕಿನಲ್ಲಿ ನಿಮ್ಮ ಗೆಳೆಯನ ಊರು, ಊರ ಹಿಂದೆ ಮಳೆಗಾಲದ ಜಲಪಾತ, ಗ್ರಾಮ ಪಂಚಾಯಿತಿಗೂ ಉತ್ಸಾಹ. ಪ್ರವಾಸಿಗರು ಹೆಚ್ಚಬೇಕಾದರೆ ಮೊದಲು ಜಲಪಾತದವರೆಗೆ ಡಾಂಬರು ರಸ್ತೆ ಮಾಡಿಸಬೇಕೋ, ತಂಗುವ ಕೋಣೆಗಳನ್ನು ಕಟ್ಟಬೇಕೋ ಎಂದು ಕೇಳಿದ್ದೀರಿ. ಸದ್ಯಕ್ಕೆ ಎರಡೂ ಬೇಡ. ರಸ್ತೆಯ ಅರ್ಜಿಗೆ ಇನ್ನೂ ಸಹಿ ಹಾಕಿಲ್ಲವಾದರೆ ದಯವಿಟ್ಟು ಇದನ್ನು ಪೂರ್ತಿ ಓದಿದ ಮೇಲೆ ಪೆನ್ನು ಹಿಡಿಯಿರಿ. ಅಂಥದೇ ಒಂದು ಅರ್ಜಿಯನ್ನು ಮುಳಶಿ ತಾಲ್ಲೂಕಿನ ಒಂದು ವಾಡಿಗಾಗಿ, ಅಂದರೆ ಪುಟ್ಟ ಹಳ್ಳಿಗಾಗಿ, ಮರಾಠಿಯಲ್ಲಿ ಬರೆದುಕೊಟ್ಟವನು ನಾನು.

ನಮ್ಮ ತಂದೆ ವಿಜಯಪುರದ ಕಡೆಯಿಂದ ಪಿಂಪ್ರಿಯ ಕಾರ್ಖಾನೆಗೆ ಬಂದವರು; ನಾನು ಹುಟ್ಟಿ ಬೆಳೆದದ್ದು ಚಿಂಚವಾಡದಲ್ಲಿ. ನನ್ನ ಜೊತೆ ಐಟಿಐ ಮುಗಿಸಿದ ಗೆಳೆಯನ ಮನೆ ತಾಮ್ಹಿಣಿ ಘಾಟಿನ ಕಡೆಗೆ, ಮುಖ್ಯರಸ್ತೆಯಿಂದ ಒಳಗೆ. ಜೂನ್ ಕಳೆಯಿತೆಂದರೆ ಅಲ್ಲಿ ಬೆಟ್ಟದ ಮೈಯೆಲ್ಲ ನೀರು. ವಾಡಿಯ ಕೊನೆಯ ಮನೆಯಿಂದ ಜಲಪಾತಕ್ಕೆ ಸುಮಾರು ಒಂದು ಕಿಲೋಮೀಟರ್. ಭತ್ತದ ಗದ್ದೆಯ ಬದುಗಳ ಮೇಲೆ ನಡೆದು, ನಡುವೆ ಒಂದು ಹಳ್ಳ ದಾಟಿ ಹೋಗಬೇಕು. ಪುಣೆಯಿಂದ ಬಂದವರು ಶಾಲೆಯ ಮುಂದೆ ಗಾಡಿ ನಿಲ್ಲಿಸುತ್ತಿದ್ದರು. ಗೆಳೆಯನ ತಾಯಿಯನ್ನು ನಾವೆಲ್ಲ ಕಾಕೂ ಎಂದು ಕರೆಯುತ್ತೇವೆ. ಅವರು ಅಂಗಳದಲ್ಲಿ ನಿಂತು, ನೀರಿಗೆ ಹೊರಟವರನ್ನು ಊಟಕ್ಕೆ ಎಷ್ಟು ಜನ ಎಂದು ಕೇಳಿಕೊಳ್ಳುತ್ತಿದ್ದರು. ಆ ಜನ ನೆನೆದು, ಹಸಿದು ಹಿಂದಿರುಗುವಷ್ಟರಲ್ಲಿ ಅಕ್ಕಿಯ ಭಾಕರಿ, ಪಿಠಲಾ, ಠೇಚಾ, ಬಿಸಿ ಅನ್ನ ಸಿದ್ಧವಾಗಿರುತ್ತಿತ್ತು. ಪಕ್ಕದ ಮನೆಯವರು ಬಟ್ಟೆ ಬದಲಿಸಲು ಕೋಣೆ ಕೊಟ್ಟು ಸ್ವಲ್ಪ ಹಣ ಪಡೆಯುತ್ತಿದ್ದರು. ಹಳ್ಳ ದಾಟಿಸಲು ವಾಡಿಯ ಇಬ್ಬರು ಯುವಕರು ಕೋಲು ಹಿಡಿದು ಜೊತೆಗೆ ಹೋಗುತ್ತಿದ್ದರು. ಇನ್ನೊಬ್ಬರು ಹಳ್ಳದ ದಂಡೆಯಲ್ಲಿ ಮೆಕ್ಕೆಜೋಳದ ತೆನೆ ಸುಡುತ್ತಿದ್ದರು. ಯಾರೂ ಕುಳಿತು ಯೋಜನೆ ಮಾಡಿದ್ದಲ್ಲ. ಕಾಲುದಾರಿ ಮನೆಗಳ ಮುಂದೆ ಹಾದುಹೋಗುತ್ತಿದ್ದುದರಿಂದಲೇ ಹಣ ಮನೆಮನೆಗೆ ಹಂಚಿಹೋಗುತ್ತಿತ್ತು.

ಮಹಾರಾಷ್ಟ್ರ ಸರ್ಕಾರದ ಕೃಷಿ ಪ್ರವಾಸೋದ್ಯಮ ನೀತಿ 2020ರಲ್ಲಿ ಬಂದಾಗ ನಾನು, ಗೆಳೆಯ ಸೇರಿ ಅವನ ಹೊಲದಲ್ಲಿ ಕೆಲವು ಕೋಣೆಗಳನ್ನು ಕಟ್ಟಿದೆವು. ಹಣ ನನ್ನದು, ಜಮೀನು ಅವನದು. ಬಂದ ಅತಿಥಿಗಳಲ್ಲಿ ಹಲವರ ದೂರು ಒಂದೇ: ಜಲಪಾತಕ್ಕೆ ನಡೆಯಬೇಕೇ, ಗಾಡಿ ಹೋಗುವುದಿಲ್ಲವೇ? ಈ ದೂರನ್ನೇ ನಾವು ಊರಿನ ಕೊರತೆ ಎಂದು ತಿಳಿದೆವು. ಕೊನೆಯ ಒಂದು ಕಿಲೋಮೀಟರಿಗೆ ರಸ್ತೆಯಿಲ್ಲದೆ ಪ್ರವಾಸೋದ್ಯಮ ಕುಂಠಿತವಾಗಿದೆ ಎಂದು ಅರ್ಜಿಯಲ್ಲಿ ಬರೆದೆ. ವಾಡಿಯ ಎಲ್ಲರೂ ಸಹಿ ಹಾಕಿದರು. ರಸ್ತೆ ಬಂದಿತು, ಊರ ನಡುವೆ ಹಾದು ಹೋಗುವಂತಿರಲಿಲ್ಲವಾದ್ದರಿಂದ ಮನೆಗಳ ಹಿಂಭಾಗದಿಂದ ಸುತ್ತು ಹಾಕಿ ನೇರವಾಗಿ ನೀರಿನ ಬಳಿಗೆ ಹೋಯಿತು.

ಆ ರಸ್ತೆ ಏನು ಮಾಡಿತು ಎಂಬುದನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ. ಅದರ ಕೆಡುಕು ಮೊದಲ ನೋಟಕ್ಕೆ ಕಾಣುವುದಿಲ್ಲ, ನಮಗೂ ಕಾಣಲಿಲ್ಲ.

ಮುಂದಿನ ಮಳೆಗಾಲದಲ್ಲಿ ಜನ ಹೆಚ್ಚಿದರು, ಬಹಳ ಹೆಚ್ಚಿದರು. ಆದರೆ ಕಾಕೂ ಅವರ ಅಂಗಳಕ್ಕೆ ಬರುವವರು ಕಡಿಮೆಯಾದರು. ಕಾರು ಊರಿನ ಬೆನ್ನ ಹಿಂದೆ ಹಾದು ಹೋಗುತ್ತಿತ್ತು. ಜಲಪಾತದ ಎದುರಿಗೇ ಹೊರಗಿನಿಂದ ಟೆಂಪೋದಲ್ಲಿ ಬಂದವರು ಕಾಂದಾ ಭಜಿ, ಮ್ಯಾಗಿ, ನೀರಿನ ಬಾಟಲಿಯ ಅಂಗಡಿ ಇಟ್ಟರು. ತಿಂದವರು ಅಲ್ಲೇ ತಿಂದು, ಅಲ್ಲೇ ಎಸೆದು, ಅಲ್ಲಿಂದಲೇ ಮರಳಿದರು. ಮೊದಲು ಅರ್ಧ ದಿನ ಊರಿನಲ್ಲಿ ಕಳೆಯುತ್ತಿದ್ದ ಕುಟುಂಬ ಈಗ ಮುಕ್ಕಾಲು ಗಂಟೆಯಲ್ಲಿ ಫೋಟೋ ತೆಗೆದುಕೊಂಡು ಮುಂದಿನ ಜಲಪಾತಕ್ಕೆ ಹೊರಡುತ್ತಿತ್ತು. ಒಂದು ಭಾನುವಾರ ಕಾರುಗಳು ಎರಡೂ ದಿಕ್ಕಿನಿಂದ ಸಿಕ್ಕಿಕೊಂಡು ವಾಡಿಯ ಹಾಲಿನ ಗಾಡಿ ಸಂಜೆಯವರೆಗೆ ಅಲ್ಲಾಡಲಿಲ್ಲ. ಅಂದಿನ ಹಾಲೆಲ್ಲ ಹಾಳು. ಪ್ರವಾಸಿಗರಿಂದ ಒಂದು ರೂಪಾಯಿಯನ್ನೂ ಕಾಣದ ಮನೆಗಳು ಪ್ರವಾಸಿಗರಿಗಾಗಿ ಹಾಲು ಚೆಲ್ಲಬೇಕಾಯಿತು. ಅಂದಿನಿಂದ ಆ ಮನೆಗಳವರು ನನ್ನೊಂದಿಗೆ ಮಾತು ಕಡಿಮೆ ಮಾಡಿದರು. ಅವರ ಸಿಟ್ಟು ನ್ಯಾಯವಾದದ್ದು.

ಎರಡನೆಯದು, ತಡೆಯುವ ಶಕ್ತಿಯನ್ನೇ ಕಳೆದುಕೊಂಡೆವು. ಕಾಲುದಾರಿ ಇದ್ದಾಗ ಹಳ್ಳ ಉಕ್ಕಿದರೆ ಆ ಇಬ್ಬರು ಯುವಕರು ಇಂದು ಬೇಡ ಎನ್ನುತ್ತಿದ್ದರು; ಜನ ಕೇಳುತ್ತಿದ್ದರು, ಏಕೆಂದರೆ ಅವರಿಲ್ಲದೆ ದಾಟುವಂತಿರಲಿಲ್ಲ. ಊರಿನ ಕೈಯಲ್ಲಿ ಒಂದು ನಲ್ಲಿ ಇತ್ತು, ಬೇಕಾದಷ್ಟು ಬಿಟ್ಟು ಉಳಿದದ್ದನ್ನು ನಿಲ್ಲಿಸಬಹುದಾಗಿತ್ತು. ರಸ್ತೆ ಬಂದ ಮೇಲೆ ಯಾರು ಯಾರನ್ನು ತಡೆಯಬೇಕು? ಸಾರ್ವಜನಿಕ ರಸ್ತೆ, ಕುಡಿದು ಬಂದವನೂ ಬರಬಹುದು, ರಾತ್ರಿ ಸ್ಪೀಕರ್ ಹಚ್ಚುವವನೂ ಬರಬಹುದು. ಕೊನೆಗೆ ತಡೆಯಲು ಉಳಿದವರು ಪೊಲೀಸರು ಮಾತ್ರ. ಮಳೆಗಾಲದ ನಿಷೇಧಾಜ್ಞೆ ಬಂದಾಗ ಒಳ್ಳೆಯ ಅತಿಥಿ, ಕೆಟ್ಟ ಅತಿಥಿ ಎಂಬ ಭೇದವಿಲ್ಲದೆ ಎಲ್ಲವೂ ಮುಚ್ಚಿತು. ನಮ್ಮ ವರ್ಷದ ದುಡಿಮೆಯೇ ಜೂನ್‌ನಿಂದ ಸೆಪ್ಟೆಂಬರ್, ಅದೇ ಹೋಯಿತು.

ಮೂರನೆಯದೇ ನಮ್ಮನ್ನು ಮುಗಿಸಿದ್ದು. ಡಾಂಬರು ಬಿದ್ದ ಕೂಡಲೇ ರಸ್ತೆಯ ಪಕ್ಕದ ಗದ್ದೆಗಳಿಗೆ ಪುಣೆಯ ಏಜೆಂಟರು ಬಂದರು. ಸಾತ್-ಬಾರಾ ಉತಾರೆಗಳು, ಅಂದರೆ ಜಮೀನಿನ ಪಹಣಿಗಳು, ಕೈಯಿಂದ ಕೈಗೆ ಓಡಾಡಿದವು. ಭತ್ತ ಬೆಳೆದು ಜೀವಮಾನದಲ್ಲಿ ಕಾಣದ ಮೊತ್ತ ಕಣ್ಣೆದುರು ಬಂದಾಗ ಮಾರಬೇಡಿ ಎನ್ನಲು ನನಗೆ ಯಾವ ಅಧಿಕಾರವಿತ್ತು? ಗದ್ದೆಗಳು ಫಾರ್ಮ್‌ಹೌಸ್ ನಿವೇಶನಗಳಾದವು, ಬೇಲಿಗಳು ಬಂದವು, ಕಾಲುದಾರಿಯೇ ಬೇಲಿಯೊಳಗೆ ಸೇರಿಕೊಂಡಿತು. ಭೂಗೋಳಶಾಸ್ತ್ರಜ್ಞ ರಿಚರ್ಡ್ ಬಟ್ಲರ್ 1980ರಲ್ಲಿ ಪ್ರವಾಸಿ ತಾಣಗಳ ಬೆಳವಣಿಗೆಯ ಘಟ್ಟಗಳನ್ನು ಗುರುತಿಸಿದ್ದಾರೆ: ಮೊದಲು ಕೆಲವರು ಹುಡುಕಿಕೊಂಡು ಬರುತ್ತಾರೆ, ಆಮೇಲೆ ಊರಿನವರು ಸೇವೆಗೆ ತೊಡಗುತ್ತಾರೆ, ಮೂರನೆಯ ಘಟ್ಟದಲ್ಲಿ ಬೆಳವಣಿಗೆ ಭರದಿಂದ ಸಾಗುವಾಗ ಹತೋಟಿ ಊರಿನವರ ಕೈಯಿಂದ ಹೊರಗಿನವರ ಕೈಗೆ ಜಾರುತ್ತದೆ. ಈ ಮಾತನ್ನು ನಾನು ಓದಿದ್ದು ಎಲ್ಲ ಮುಗಿದ ಮೇಲೆ. ನಮ್ಮ ವಾಡಿಯಲ್ಲಿ ಎರಡನೆಯ ಘಟ್ಟದಿಂದ ಮೂರನೆಯದಕ್ಕೆ ದಾಟಿಸಿದ್ದು ಆ ಒಂದು ಕಿಲೋಮೀಟರ್ ಡಾಂಬರು. ಗೆಳೆಯ ತನ್ನ ಭಾಗವನ್ನು ಮಾರಲಿಲ್ಲ. ಆದರೆ ಸುತ್ತ ಕಟ್ಟಡಗಳೆದ್ದ ಮೇಲೆ ನಮ್ಮ ಕೋಣೆಗಳಿಗೆ ಬರಲು ಯಾರಿಗೂ ಕಾರಣ ಉಳಿಯಲಿಲ್ಲ. ನಾನು ಹಾಕಿದ ಹಣ ಮರಳಲಿಲ್ಲ, ಪಾಲುದಾರಿಕೆಯನ್ನು ಮುಚ್ಚಿದೆವು.

ಈಗ ನಿಮಗೆ ಗೊತ್ತಿರುವ ಊರುಗಳನ್ನೇ ನೋಡಿ. ಮುಂಬೈ ಬಳಿಯ ಗಿರಿಧಾಮ ಮಾಥೇರಾನಿಗೆ ಹೋದವರೆಲ್ಲ ದಸ್ತೂರಿ ನಾಕಾದಲ್ಲಿ ಕಾರು ಬಿಡಲೇಬೇಕು. ಅಲ್ಲಿಂದ ನಡಿಗೆ, ಕುದುರೆ, ಇಲ್ಲವೇ ಅಮನ್ ಲಾಡ್ಜ್ ನಿಲ್ದಾಣದಿಂದ 1907ರ ಪುಟ್ಟ ರೈಲು. 2003ರಲ್ಲಿ ಪರಿಸರ ಸೂಕ್ಷ್ಮ ವಲಯವೆಂದು ಘೋಷಣೆಯಾದ ಆ ಬೆಟ್ಟದಲ್ಲಿ ಊರಿನ ಅನ್ನ ಹುಟ್ಟುವುದೇ ಕಾರು ನಿಂತ ಜಾಗ ಮತ್ತು ಪೇಟೆಯ ನಡುವೆ. ಮನುಷ್ಯ ಮನುಷ್ಯನನ್ನು ಎಳೆಯುವ ಕೈಗಾಡಿಗಳು ಅಲ್ಲಿಂದ ಹೋಗಲೇಬೇಕು, ಅವುಗಳ ಜಾಗಕ್ಕೆ ಇ-ರಿಕ್ಷಾ ಬರುತ್ತಿರುವುದು ಒಳ್ಳೆಯದೇ; ಆದರೆ ಕಾರನ್ನು ಕೆಳಗೇ ನಿಲ್ಲಿಸುವ ನಿಯಮ ಸಡಿಲವಾದರೆ ಮಾಥೇರಾನ್ ಉಳಿಯುವುದಿಲ್ಲ.

ಸಾತಾರಾದ ಕಾಸ್ ಪ್ರಸ್ಥಭೂಮಿಯನ್ನು ನೋಡಿ. 2012ರಲ್ಲಿ ಪಶ್ಚಿಮ ಘಟ್ಟಗಳ ಭಾಗವಾಗಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಹೂವಿನ ಕಾಲದಲ್ಲಿ ದಿನಕ್ಕೆ 3000 ಜನರ ಮಿತಿ, ಮುಂಗಡ ಬುಕಿಂಗ್, ಪ್ರವೇಶ ಶುಲ್ಕ. ಗಾಡಿ ದೂರದಲ್ಲಿ ನಿಲ್ಲುತ್ತದೆ; ಶುಲ್ಕ ವಸೂಲಿ, ಕಾವಲು ಎಲ್ಲದರಲ್ಲೂ ಸುತ್ತಲಿನ ಹಳ್ಳಿಗಳ ಅರಣ್ಯ ನಿರ್ವಹಣಾ ಸಮಿತಿಗಳಿವೆ. ಗೋವಾದ ದೂಧಸಾಗರವನ್ನು ನೋಡಿ. ನಿಮ್ಮ ಕಾರು ಎಷ್ಟೇ ದೊಡ್ಡದಿರಲಿ, ರಸ್ತೆಯ ಕಡೆಯಿಂದ ಹೋಗುವುದಾದರೆ ಕುಳೆ ಎಂಬ ಊರಿನಲ್ಲಿ ಅದನ್ನು ಬಿಟ್ಟು ಊರಿನವರ ಜೀಪು ಹತ್ತಬೇಕು. ಮಳೆಗಾಲದಲ್ಲಿ ಹೊಳೆ ಉಕ್ಕಿದಾಗ ಜೀಪು ನಿಲ್ಲುತ್ತದೆ, ಪ್ರವಾಸವೂ ನಿಲ್ಲುತ್ತದೆ. ಒಳ್ಳೆಯ ಡಾಂಬರು ರಸ್ತೆ ಬುಡದವರೆಗೆ ಹೋಗಿದ್ದರೆ ಕುಳೆಯಲ್ಲಿ ಚಹಾ ಕುಡಿಯಲು ಕೂಡ ಯಾರೂ ನಿಲ್ಲುತ್ತಿರಲಿಲ್ಲ.

ನಿಮ್ಮ ಪ್ರಶ್ನೆಯಲ್ಲಿ ನನಗೆ ಒಪ್ಪಿಗೆಯಾಗದ ಮಾತು ಇನ್ನೊಂದಿದೆ: ಪ್ರವಾಸಿಗರ ಸಂಖ್ಯೆ ಹೆಚ್ಚಬೇಕು ಎಂಬುದು. ಏಕೆ ಹೆಚ್ಚಬೇಕು? ಪುಣೆ, ಪಿಂಪ್ರಿ-ಚಿಂಚವಾಡ, ಮುಂಬೈ ಮೂರೂ ಒಂದೇ ಬೆಳಗಿನ ದಾರಿಯಲ್ಲಿರುವ ಮಾವಳಕ್ಕೆ ಜನರನ್ನು ಕರೆಯುವ ಕಷ್ಟ ಎಂದೂ ಇರಲಿಲ್ಲ. 2024ರ ಜೂನ್ 30ರಂದು ಲೋಣಾವಳದ ಭೂಶಿ ಅಣೆಕಟ್ಟಿನ ಬಳಿಯ ಜಲಪಾತದಲ್ಲಿ ಒಂದೇ ಕುಟುಂಬದ ಐವರು ಕೊಚ್ಚಿಹೋದರು. ಮರುವರ್ಷ ಜೂನ್ 15, ಭಾನುವಾರ, ಇಂದ್ರಾಯಣಿಯ ಮೇಲಿನ ಕುಂಡಮಳದ ಹಳೆಯ ಕಬ್ಬಿಣದ ಸೇತುವೆ ಜನ ತುಂಬಿ ನಿಂತಿದ್ದಾಗ ಕುಸಿದು ನಾಲ್ವರು ಸತ್ತರು. ಎರಡೂ ನಿಮ್ಮ ಗೆಳೆಯನ ತಾಲ್ಲೂಕಿನಲ್ಲೇ ನಡೆದದ್ದು. ಆ ಊರುಗಳಿಗೆ ಜನರ ಕೊರತೆ ಇತ್ತೇ? ನಿಮ್ಮ ಪಂಚಾಯಿತಿಯ ಸಭೆಯಲ್ಲಿ ಗಾಜಿನ ಸೇತುವೆ, ಸೆಲ್ಫಿ ಪಾಯಿಂಟ್ ಎಂದು ಯಾರಾದರೂ ಎದ್ದರೆ ಈ ಎರಡು ದಿನಾಂಕಗಳನ್ನು ಅವರ ಮುಂದೆ ಇಡಿ.

ಎಷ್ಟು ಜನ ಬರಬಹುದು ಎಂಬುದನ್ನು ಊಹೆಗೆ ಬಿಡಬೇಡಿ. ರಕ್ಷಿತ ಪ್ರದೇಶಗಳಿಗಾಗಿ ಸಿಫುಯೆಂತೆಸ್ ಎಂಬ ತಜ್ಞ 1992ರಲ್ಲಿ ರೂಪಿಸಿದ ಲೆಕ್ಕವೊಂದಿದೆ, ಶಾಲೆಯ ಮಕ್ಕಳೂ ಮಾಡಬಹುದು. ನೀರಿನ ಎದುರು ಜನ ಸುರಕ್ಷಿತವಾಗಿ ನಿಲ್ಲಬಹುದಾದ ಬಂಡೆ 300 ಚದರ ಮೀಟರ್ ಇದೆ ಎನ್ನೋಣ. ಒಬ್ಬರಿಗೆ 3 ಚದರ ಮೀಟರ್ ಬೇಕೆಂದರೆ ಒಮ್ಮೆಗೆ 100 ಜನ. ದಿನಕ್ಕೆ 8 ಗಂಟೆ ತೆರೆದಿದ್ದು, ಒಬ್ಬೊಬ್ಬರು 2 ಗಂಟೆ ಇದ್ದರೆ ನಾಲ್ಕು ಸರದಿ, ಅಂದರೆ 400. ಇದು ನೆಲ ತಾಳುವ ಬರಿಯ ಅಂಕಿ. ಪಾಚಿ, ಮಧ್ಯಾಹ್ನದ ಜೋರು ಮಳೆ, ಸವೆಯುವ ದಾರಿ, ಇವೆಲ್ಲವನ್ನೂ ಕಳೆದರೆ ಅರ್ಧಕ್ಕೆ ಇಳಿಯಬಹುದು: 200. ಇನ್ನು ನಿಮ್ಮ ಕಾವಲಿನವರು, ಶೌಚಾಲಯ, ಕಸ ಹೊರುವ ಕೈಗಳು 120 ಜನರನ್ನು ಮಾತ್ರ ನಿಭಾಯಿಸಬಲ್ಲವಾದರೆ ನಿಮ್ಮ ಊರಿನ ಸಂಖ್ಯೆ 120, ಅಷ್ಟೇ. ಕಾರಿಗೆ ನಾಲ್ವರಂತೆ 30 ಕಾರು. ವಾಡಿಯ ಹೊರಗೆ 30 ಕಾರಿನ ಜಾಗ ಗುರುತಿಸಿ, ಮೂವತ್ತೊಂದನೆಯದಕ್ಕೆ ಜಾಗವನ್ನೇ ಮಾಡಬೇಡಿ. ಜಾಗವಿದ್ದರೆ ಕಾರು ಬಂದೇ ಬರುತ್ತದೆ, ಆಮೇಲೆ ಇನ್ನಷ್ಟು ಜಾಗ ಕೇಳುತ್ತದೆ. ನಿಲುಗಡೆಯ ಶುಲ್ಕ ಪಂಚಾಯಿತಿಗೆ ಹೋಗಲಿ, ದಾರಿ ತೋರಿಸುವ ಹಣ ಯುವಕರಿಗೆ, ಊಟದ ಹಣ ಅಡುಗೆ ಮಾಡಿದ ಮನೆಗೆ ನೇರವಾಗಿ.

ವೃದ್ಧರು, ನಡೆಯಲಾಗದವರು ಏನು ಮಾಡಬೇಕು ಎಂದು ಕೇಳುವಿರಿ. ಅವರಿಗಾಗಿ ಊರಿನದೇ ಒಂದು ಗಾಡಿ ಇರಲಿ, ಕಚ್ಚಾ ದಾರಿಯಲ್ಲಿ ಒಯ್ಯಲಿ. ಅವರ ಹೆಸರು ಹೇಳಿ ಎಲ್ಲರ ಕಾರಿಗೂ ರಸ್ತೆ ಕೇಳುವುದನ್ನು ನಾನೂ ಮಾಡಿದ್ದೆ. ಆ ರಸ್ತೆಯಲ್ಲಿ ಬಂದವರಲ್ಲಿ ವೃದ್ಧರು ಬೆರಳೆಣಿಕೆಯಷ್ಟು.

ಇನ್ನೊಂದನ್ನು ಮೊದಲೇ ಪರೀಕ್ಷಿಸಿ: ಜಲಪಾತ ಇರುವ ನೆಲ ಯಾರದು? ತಲಾಠಿ (ಗ್ರಾಮ ಲೆಕ್ಕಿಗ) ಕಚೇರಿಯಲ್ಲಿ ಗಟ್ ನಂಬರಿನ, ಅಂದರೆ ಸರ್ವೆ ನಂಬರಿನ, ನಕ್ಷೆ, ಉತಾರೆ ಎರಡನ್ನೂ ತೆಗೆಸಿ. ಅರಣ್ಯ ಇಲಾಖೆಯದಾದರೆ 1980ರ ಅರಣ್ಯ ಸಂರಕ್ಷಣಾ ಕಾಯ್ದೆಯಡಿ ಅನುಮತಿಯಿಲ್ಲದೆ ಅಲ್ಲಿ ಕಟ್ಟುವಂತಿಲ್ಲ. ಇದನ್ನು ಅಡ್ಡಿ ಎಂದು ಭಾವಿಸಬೇಡಿ. ಕಾಸ್‌ನಲ್ಲಿರುವಂತೆ ಇಲಾಖೆಯೊಂದಿಗೆ ಊರಿನ ಸಮಿತಿ ಮಾಡಿಕೊಂಡರೆ ಶುಲ್ಕ ಪಡೆಯುವ, ತಡೆಯುವ ಹಕ್ಕು ಕಾಗದದ ಮೇಲೆ ಬರುತ್ತದೆ. ನಮಗೆ ಇಲ್ಲವಾದದ್ದು ಅದೇ.

ಕೋಣೆಗಳು? ಕಟ್ಟಿ, ಆದರೆ ಶೌಚಾಲಯದ ಆಮೇಲೆ. ಮಹಿಳೆಯರಿಗೆ ಬಟ್ಟೆ ಬದಲಿಸುವ ಜಾಗ, ಎರಡು ಶೌಚಾಲಯ, ಅವುಗಳ ಗುಂಡಿ ಊರಿನ ಕುಡಿಯುವ ನೀರಿನ ಮೂಲಕ್ಕಿಂತ ಕೆಳಗೆ, ದೂರದಲ್ಲಿ. ಇಷ್ಟಾದ ಮೇಲೆ ಒಂದೆರಡು ಮನೆಗಳಲ್ಲಿ ಇರುವ ಕೋಣೆಗಳನ್ನೇ ಸುಣ್ಣ ಬಳಿದು ಅತಿಥಿಗಳಿಗೆ ಕೊಡಿ. ಒಂದು ಮಳೆಗಾಲ ಹಾಗೆಯೇ ನಡೆಯಲಿ.

ಅರ್ಜಿಯನ್ನು ಪೂರ್ತಿ ಕೈಬಿಡಿಸುವುದು ನಿಮ್ಮಿಂದ ಆಗದಿರಬಹುದು, ಊರಿನವರಿಗೂ ಆಸ್ಪತ್ರೆಗೆ, ಶಾಲೆಗೆ ರಸ್ತೆ ಬೇಕು. ಹಾಗಿದ್ದರೆ ಗ್ರಾಮಸಭೆಯ ಠರಾವಿನಲ್ಲಿ ರಸ್ತೆ ವಾಡಿಯ ಕೊನೆಯ ಮನೆಯವರೆಗೆ ಮಾತ್ರ ಎಂದು ಬರೆಯಿಸಿ. ಆ ಮನೆಯ ಗಟ್ ನಂಬರನ್ನೂ ಸೇರಿಸಿ, ಮುಂದೆ ಯಾರೂ ಅದನ್ನು ಎಳೆದು ಉದ್ದ ಮಾಡದಂತೆ. ಸರಪಂಚರು ಸಹಿ ಹಾಕುವವರೆಗೆ ಗೆಳೆಯನನ್ನು ಸಭೆಯಿಂದ ಏಳಲು ಬಿಡಬೇಡಿ.