ಆದಿ ಕ್ರೈಸ್ತರು ಜಪಸರ ಹೇಳುತ್ತಿದ್ದರಾ? ಇಲ್ಲ. ಕಲ್ಲು ಎಣಿಸುತ್ತಿದ್ದರು

ನಿಮ್ಮ ಆಫೀಸಿನ ಗೆಳೆಯರು ಮೂರು ಮಾತು ಹೇಳಿದರು ಅಂತ ಬರೆದಿದ್ದೀರಿ. ಜಪಸರ, ಅಂದರೆ ಯೇಸುವಿನ ತಾಯಿ ಮರಿಯಮ್ಮನವರಿಗೆ ಮಣಿ ಎಣಿಸುತ್ತ ಹೇಳುವ ರೋಸರಿ ಪ್ರಾರ್ಥನೆ, ಬೈಬಲ್‌ನಲ್ಲಿ ಇಲ್ಲ. ಮೊದಲ ಕಾಲದ ಕ್ರೈಸ್ತರಿಗೆ ಅದು ಗೊತ್ತೇ ಇರಲಿಲ್ಲ. ಹೇಳಿದ್ದನ್ನೇ ಹೇಳುವುದನ್ನು ಯೇಸುವೇ ಬೇಡ ಅಂದಿದ್ದಾರೆ. ಕೊನೆಗೆ ನೀವೇ ಒಂದು ಸೇರಿಸಿದ್ದೀರಿ: "ನನಗೂ ಹೇಳುವಾಗ ಮನಸ್ಸು ಎಲ್ಲೆಲ್ಲೋ ಹೋಗುತ್ತೆ, ಹಾಗಾದರೆ ಬಿಟ್ಟುಬಿಡಲಾ?"

ಮೊದಲ ಎರಡು ಮಾತು ಹೆಚ್ಚುಕಡಿಮೆ ಸರಿ. ಒಪ್ಪಿಕೊಳ್ಳಿ, ನಷ್ಟ ಏನೂ ಇಲ್ಲ. ಮೂರನೆಯದು ತಪ್ಪು. ನಿಮ್ಮ ಸ್ವಂತ ಪ್ರಶ್ನೆ ಇದೆಯಲ್ಲ, ಅದಕ್ಕೆ ಕಮ್ಮಿ ಅಂದರೂ 1600 ವರ್ಷ ವಯಸ್ಸಾಗಿದೆ. ಅದಕ್ಕೆ ಆಮೇಲೆ ಬರುತ್ತೇನೆ.

ನಾನು ಗುರುಗಳಲ್ಲ, ದೇವಶಾಸ್ತ್ರ ಓದಿದವನೂ ಅಲ್ಲ. ಭಾನುವಾರ ಪೂಜೆ ಆದಮೇಲೆ ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಡುತ್ತೇನೆ, ಅಷ್ಟೇ. ಒಂದು ದಿನ ಏಳನೇ ಕ್ಲಾಸಿನ ಹುಡುಗಿ ಕೈ ಎತ್ತಿ ಕೇಳಿದಳು: "ಸರ್, ಆ ಪ್ರತಿಮೆಯಲ್ಲಿ ಮರಿಯಮ್ಮನವರ ಕೈಯಲ್ಲೇ ಜಪಸರ ಇದೆಯಲ್ಲ, ಅವರು ಯಾರಿಗೆ ನಮೋ ಮರಿಯಾ ಹೇಳ್ತಾರೆ?" ನಮೋ ಮರಿಯಾ ಅಂದರೆ ಜಪಸರದಲ್ಲಿ ಮತ್ತೆ ಮತ್ತೆ ಮರಿಯಮ್ಮನವರಿಗೆ ಹೇಳುವ ಪ್ರಾರ್ಥನೆ. ಇಡೀ ಕ್ಲಾಸು ನಕ್ಕಿತು. ನನ್ನ ಹತ್ತಿರ ಉತ್ತರ ಇರಲಿಲ್ಲ. "ಮುಂದಿನ ವಾರ ಹೇಳ್ತೀನಿ" ಅಂತ ತಪ್ಪಿಸಿಕೊಂಡೆ. ಅವಳಿಗೆ ಉತ್ತರ ಹುಡುಕಲು ಹೋಗಿಯೇ ನಾನು ಇದನ್ನೆಲ್ಲ ಓದಿದ್ದು.

ಮೊದಲ ಕ್ರೈಸ್ತರು ದಿನಕ್ಕೆ ಏನು ಹೇಳುತ್ತಿದ್ದರು ಅನ್ನುವುದಕ್ಕೆ ಒಂದು ಪುಟ್ಟ ಪುಸ್ತಕ ಸಾಕ್ಷಿ ಇದೆ. ಹೆಸರು ದಿದಾಖೆ, ಅಂದರೆ ಬೋಧನೆ. ಮೊದಲ ಶತಮಾನದ ಕೊನೆಯದ್ದೋ ಎರಡನೆಯದರ ಶುರುವಿನದ್ದೋ ಇರಬೇಕು ಅಂತ ಹೆಚ್ಚಿನವರು ಹೇಳುತ್ತಾರೆ. ಎಷ್ಟೋ ಶತಮಾನ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. 1873ರಲ್ಲಿ ಕಾನ್‌ಸ್ಟಾಂಟಿನೋಪಲಿನ ಒಂದು ಗ್ರಂಥಾಲಯದಲ್ಲಿ ಹಳೆಯ ಹಸ್ತಪ್ರತಿಯೊಳಗೆ ಸಿಕ್ಕಿತು, 1883ರಲ್ಲಿ ಅಚ್ಚಾಯಿತು. ಅದರ ಎಂಟನೇ ಅಧ್ಯಾಯದಲ್ಲಿ ಎರಡು ಸಂಗತಿ ಇದೆ. ಬುಧವಾರ, ಶುಕ್ರವಾರ ಉಪವಾಸ ಮಾಡಿ. ಯೇಸುವೇ ಕಲಿಸಿದ ಪರಲೋಕ ಪ್ರಾರ್ಥನೆಯನ್ನು ದಿನಕ್ಕೆ ಮೂರು ಸಲ ಹೇಳಿ. ಅಷ್ಟೇ. ಜಪಸರ ಇಲ್ಲ, ಒಂಬತ್ತು ದಿನದ ನೊವೇನಾ ಇಲ್ಲ. ಆದರೆ ಗಮನಿಸಿ, ಗೊತ್ತಾದ ಮಾತು, ಗೊತ್ತಾದ ಲೆಕ್ಕ ಆಗಲೇ ಇದೆ. "ಮನಸ್ಸಿಗೆ ಬಂದಾಗ ಬಂದದ್ದು ಹೇಳಿ" ಅಂತ ಅಲ್ಲ.

ಮೂರನೇ ಶತಮಾನದ ಶುರುವಿನಲ್ಲಿ ಉತ್ತರ ಆಫ್ರಿಕಾದ ತೆರ್ತುಲಿಯನ್ ಅನ್ನುವವರು ಬರೆಯುತ್ತಾರೆ. ಮನೆಯಿಂದ ಹೊರಗೆ ಹೋಗುವಾಗ, ಒಳಗೆ ಬರುವಾಗ, ಚಪ್ಪಲಿ ಹಾಕುವಾಗ, ಸ್ನಾನಕ್ಕೆ ಇಳಿಯುವಾಗ, ಊಟಕ್ಕೆ ಕೂರುವಾಗ, ದೀಪ ಹಚ್ಚುವಾಗ ನಾವು ಹಣೆಯ ಮೇಲೆ ಶಿಲುಬೆ ಗುರುತು ಹಾಕಿಕೊಳ್ಳುತ್ತೇವೆ ಅಂತ. ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಅಜ್ಜಿ. ಮೂಡಿಗೆರೆ ಕಡೆ ತೋಟದ ಲೈನ್ ಮನೆ. ಕರೆಂಟು ಹೋದರೆ ಬುಡ್ಡಿ ದೀಪ. ಕಡ್ಡಿ ಗೀರಿದ ಕೈಯಲ್ಲೇ ಹಣೆ ಮುಟ್ಟಿಕೊಳ್ಳುತ್ತಿದ್ದರು. ತೆರ್ತುಲಿಯನ್ ಯಾರು ಅಂತ ಅವರಿಗೆ ಏನು ಗೊತ್ತು!

ಈಗ ಮಣಿ ಎಣಿಸುವ ವಿಷಯ. ನನಗೆ ಇಡೀ ಚರಿತ್ರೆಯಲ್ಲಿ ಬಹಳ ಇಷ್ಟವಾದ ಕಥೆ ಇದು. ನಾಲ್ಕನೇ ಶತಮಾನ, ಈಜಿಪ್ಟ್. ಊರು ಬಿಟ್ಟು ಮರುಭೂಮಿಗೆ ಹೋಗಿ ಗುಡಿಸಲು ಹಾಕಿಕೊಂಡು ಪ್ರಾರ್ಥನೆ ಮಾಡುವ ತಪಸ್ವಿಗಳು ನೂರಾರು ಮಂದಿ. ಫೆರ್ಮೆ ಅನ್ನುವ ಬೆಟ್ಟದ ಮೇಲೆ ಪೌಲ ಅಂತ ಒಬ್ಬರಿದ್ದರು. ಪ್ರೇಷಿತ ಸಂತ ಪೌಲರಲ್ಲ, ಇವರು ಬೇರೆ. ಬೇರೆ ಕೆಲಸ ಇಲ್ಲ, ವ್ಯಾಪಾರ ಇಲ್ಲ, ದಿನಕ್ಕೆ 300 ಪ್ರಾರ್ಥನೆ ಹೇಳುವುದೇ ಕಾಯಕ. ಲೆಕ್ಕ ತಪ್ಪಬಾರದಲ್ಲ? 300 ಸಣ್ಣ ಕಲ್ಲು ಆರಿಸಿ ಮಡಿಲಲ್ಲಿ ಇಟ್ಟುಕೊಳ್ಳುತ್ತಿದ್ದರು. ಒಂದು ಪ್ರಾರ್ಥನೆ ಮುಗಿದರೆ ಒಂದು ಕಲ್ಲು ಆಚೆಗೆ. ಮಡಿಲು ಖಾಲಿಯಾದರೆ ದಿನ ಮುಗಿಯಿತು.

ಒಂದು ದಿನ ಈ ಪೌಲರು ಮಕಾರಿಯಸ್ ಅನ್ನುವ ಹಿರಿಯ ತಪಸ್ವಿಯ ಹತ್ತಿರ ಬಂದು "ಅಪ್ಪಾ, ನನಗೆ ತುಂಬಾ ಸಂಕಟ" ಅಂದರು. ಏನು ಅಂತ ಬಿಡಿಸಿ ಕೇಳಿದಾಗ ಹೊರಗೆ ಬಂತು. ಯಾವುದೋ ಹಳ್ಳಿಯಲ್ಲಿ ಒಬ್ಬ ಕನ್ಯೆ ಇದ್ದಾಳಂತೆ, 30 ವರ್ಷದಿಂದ ತಪಸ್ಸು, ಶನಿವಾರ ಭಾನುವಾರ ಬಿಟ್ಟರೆ ಊಟವೇ ಇಲ್ಲ, ದಿನಕ್ಕೆ 700 ಪ್ರಾರ್ಥನೆ ಹೇಳುತ್ತಾಳಂತೆ, ನಾನು 300ರ ಮೇಲೆ ಹೋಗಲಾರೆ, ನನ್ನ ಬಗ್ಗೆ ನನಗೇ ಬೇಜಾರಾಗಿದೆ. ನೋಡಿ, ಮರುಭೂಮಿಗೆ ಹೋದರೂ ಪಕ್ಕದ ಮನೆಯವರ ಮಾರ್ಕ್ಸ್ ಕಾಟ ತಪ್ಪಲಿಲ್ಲ!

ಮಕಾರಿಯಸ್ ಕೊಟ್ಟ ಉತ್ತರದ ಸಾರ ಹೀಗಿದೆ. ನಾನು ಹೇಳುವುದು ದಿನಕ್ಕೆ ನೂರೇ. ಕೈಯಾರೆ ದುಡಿದು ತಿನ್ನುತ್ತೇನೆ, ನೋಡಲು ಬಂದ ಸೋದರರ ಜೊತೆ ಮಾತಾಡುತ್ತೇನೆ. ಆದರೂ ಕಮ್ಮಿ ಮಾಡಿದೆ ಅಂತ ನನ್ನ ಮನಸ್ಸು ನನ್ನನ್ನು ಚುಚ್ಚುವುದಿಲ್ಲ. ನೀನು 300 ಹೇಳಿಯೂ ಮನಸ್ಸು ಚುಚ್ಚುತ್ತಿದೆ ಅಂದರೆ, ಒಂದೋ ನೀನು ಅವನ್ನು ಶುದ್ಧ ಮನಸ್ಸಿನಿಂದ ಹೇಳುತ್ತಿಲ್ಲ, ಇಲ್ಲವೇ ಇನ್ನೂ ಜಾಸ್ತಿ ಹೇಳಲು ಆಗುತ್ತಿದ್ದರೂ ಹೇಳುತ್ತಿಲ್ಲ.

ಇದನ್ನು ಬರೆದಿಟ್ಟವರು ಪಲ್ಲಾದಿಯಸ್, ಸುಮಾರು 420ರ ಹೊತ್ತಿಗೆ. ಹಾಗಾಗಿ "ಎಣಿಸಿ ಪ್ರಾರ್ಥನೆ ಹೇಳುವುದು ಆಮೇಲೆ ಸೇರಿಕೊಂಡ ಕೆಟ್ಟ ಅಭ್ಯಾಸ" ಅನ್ನುವ ಮಾತು ನಿಲ್ಲುವುದಿಲ್ಲ. ಎಣಿಕೆ ಹಳೆಯದು. ಎಣಿಕೆಯ ಹುಚ್ಚು ಹಿಡಿಯಬಾರದು ಅನ್ನುವ ಬುದ್ಧಿಮಾತೂ ಅಷ್ಟೇ ಹಳೆಯದು.

ಮರಿಯಮ್ಮನವರಿಗೆ ಪ್ರಾರ್ಥನೆ ಮಾಡುವುದು ಯಾವಾಗಿನಿಂದ? ಇಲ್ಲಿ ಸ್ವಲ್ಪ ಹುಷಾರಾಗಿರಿ. ಇಂಗ್ಲೆಂಡಿನ ಮ್ಯಾಂಚೆಸ್ಟರಿನ ಜಾನ್ ರೈಲಂಡ್ಸ್ ಗ್ರಂಥಾಲಯದಲ್ಲಿ ಈಜಿಪ್ಟಿನಿಂದ ಬಂದ ಒಂದು ಪಪೈರಸ್ (ಜೊಂಡಿನ ಕಾಗದ) ಚೂರು ಇದೆ. ಗೇಣುದ್ದವೂ ಇಲ್ಲ. "ದೇವಮಾತೆಯೇ, ನಿಮ್ಮ ಕರುಣೆಯ ಆಸರೆಗೆ ಬರುತ್ತೇವೆ, ನಮ್ಮ ಬೇಡಿಕೆ ತಳ್ಳಿಹಾಕಬೇಡಿ" ಅನ್ನುವ ಅರ್ಥದ ಗ್ರೀಕ್ ಪ್ರಾರ್ಥನೆ ಅದರಲ್ಲಿದೆ. 250ನೇ ಇಸವಿಯದ್ದು ಅಂತ ವಾಟ್ಸಾಪ್‌ನಲ್ಲಿ ಓಡಾಡುತ್ತೆ. ಕೆಲವು ವಿದ್ವಾಂಸರು ಅಕ್ಷರದ ರೂಪ ನೋಡಿ ಮೂರನೇ ಶತಮಾನ ಅಂದದ್ದು ನಿಜ. ಈಚೆಗೆ ಬೇರೆಯವರು ಅದು ಅಷ್ಟು ಹಳೆಯದಲ್ಲ, ಕೆಲವು ಶತಮಾನ ಈಚಿನದು ಅನ್ನುತ್ತಿದ್ದಾರೆ. ಹಾಗಾಗಿ ವಾದಕ್ಕೆ ಕೂತಾಗ ಆ ಚೂರನ್ನು ಮುಂದೆ ಹಿಡಿಯಬೇಡಿ.

ಗಟ್ಟಿ ನೆಲ ಬೇಕು ಅಂದರೆ 431ನೇ ಇಸವಿ ಹಿಡಿಯಿರಿ. ಈಗಿನ ಟರ್ಕಿಯಲ್ಲಿರುವ ಎಫೆಸದಲ್ಲಿ ಧರ್ಮಾಧ್ಯಕ್ಷರ, ಅಂದರೆ ಬಿಷಪ್ಪರ ಸಭೆ ಸೇರಿತು. ಮರಿಯಮ್ಮನವರನ್ನು ತೆಯೊತೋಕೋಸ್, ಅಂದರೆ ದೇವಮಾತೆ ಅಂತ ಕರೆಯಬಹುದಾ ಅನ್ನುವುದು ಜಗಳ. ಕಾನ್‌ಸ್ಟಾಂಟಿನೋಪಲಿನ ಧರ್ಮಾಧ್ಯಕ್ಷ ನೆಸ್ತೋರಿಯಸ್ ಬೇಡ ಅಂದರು, ಅಲೆಕ್ಸಾಂಡ್ರಿಯಾದ ಧರ್ಮಾಧ್ಯಕ್ಷ ಸಿರಿಲ್ ಬೇಕೇ ಬೇಕು ಅಂದರು. ಪ್ರಶ್ನೆ ನಿಜಕ್ಕೂ ಇದ್ದದ್ದು ಯೇಸುವಿನ ಬಗ್ಗೆ: ಹುಟ್ಟಿದ ಆ ಮಗು ದೇವರೇ ಅಲ್ವಾ? ಹೌದು ಅಂತಾದರೆ ಹೆತ್ತವರು ದೇವಮಾತೆ. ಸಭೆ ಸಿರಿಲ್ ಕಡೆ ನಿಂತಿತು. ಆವತ್ತು ಊರಿನ ಜನ ಬೆಳಗಿನಿಂದ ಸಂಜೆವರೆಗೆ ಹೊರಗೆ ಕಾದಿದ್ದು, ತೀರ್ಮಾನ ಕೇಳಿ ಪಂಜು ಹಿಡಿದು ಧರ್ಮಾಧ್ಯಕ್ಷರನ್ನು ಬಿಡಾರದವರೆಗೆ ಕರೆದುಕೊಂಡು ಹೋದರು, ಹೆಂಗಸರು ಮುಂದೆ ಧೂಪ ಹಿಡಿದು ನಡೆದರು ಅಂತ ಸಿರಿಲ್ ಅವರೇ ಪತ್ರದಲ್ಲಿ ಬರೆದಿದ್ದಾರೆ. ಸೆಪ್ಟೆಂಬರ್ 8ಕ್ಕೆ ಬೆಂಗಳೂರಿನ ಶಿವಾಜಿನಗರದಲ್ಲಿ ಮರಿಯಮ್ಮನವರ ತೇರು ನೋಡಿದವರಿಗೆ ಈ ಚಿತ್ರ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಜಪಸರದ ಹುಟ್ಟು. ಮಠಗಳಲ್ಲಿ ಸನ್ಯಾಸಿಗಳು ಬೈಬಲ್‌ನ 150 ಕೀರ್ತನೆಗಳನ್ನು ಸರದಿ ಪ್ರಕಾರ ಹಾಡುತ್ತಿದ್ದರು. ಓದು ಬಾರದವರು ಏನು ಮಾಡಬೇಕು? ಮಠದಲ್ಲಿ ಅಡುಗೆ, ಹೊಲ ನೋಡಿಕೊಳ್ಳುವ ಸೋದರರೂ ಇದ್ದರಲ್ಲ. ಅಂಥವರಿಗೆ ಕೀರ್ತನೆಗೆ ಬದಲು ಪರಲೋಕ ಪ್ರಾರ್ಥನೆ ಹೇಳಿ ಅಂದರು. ಎಣಿಸಲು ದಾರಕ್ಕೆ ಪೋಣಿಸಿದ ಮಣಿ ಬಂತು. ಲ್ಯಾಟಿನ್‌ನಲ್ಲಿ ಪರಲೋಕ ಪ್ರಾರ್ಥನೆಯ ಮೊದಲ ಎರಡು ಪದ ಪಾತೆರ್ ನೋಸ್ತೆರ್. ಮಣಿಸರಕ್ಕೂ ಅದೇ ಹೆಸರು ಬಿತ್ತು. 13ನೇ ಶತಮಾನದ ಪ್ಯಾರಿಸ್‌ನಲ್ಲಿ ಇದನ್ನು ಮಾಡುವ ಕಸುಬುದಾರರಿಗೆ ಬೇರೆ ಬೇರೆ ಸಂಘಗಳೇ ಇದ್ದವು. ಮೂಳೆಯಲ್ಲಿ ಮಾಡುವವರದ್ದು ಒಂದು, ಹವಳದವರದ್ದು ಇನ್ನೊಂದು. ಇಂಗ್ಲಿಷಿನಲ್ಲಿ ಮಣಿಗೆ ಬೀಡ್ ಅನ್ನುತ್ತೇವಲ್ಲ, ಆ ಪದದ ಹಳೆಯ ಅರ್ಥವೇ ಪ್ರಾರ್ಥನೆ.

ಆಮೇಲೆ ನಿಧಾನಕ್ಕೆ ನಮೋ ಮರಿಯಾ ಸೇರಿತು. ಅದರ ಮೊದಲರ್ಧ ನೇರವಾಗಿ ಬೈಬಲ್‌ನಲ್ಲಿ ಸಂತ ಲೂಕರು ಬರೆದದ್ದು. ದೇವದೂತ ಹೇಳಿದ್ದು 1:28ರಲ್ಲಿ, ಎಲಿಜಬೇತ್ ಹೇಳಿದ್ದು 1:42ರಲ್ಲಿ. "ಪಾಪಿಗಳಾದ ನಮಗಾಗಿ" ಅಂತ ಬೇಡುವ ಎರಡನೇ ಅರ್ಧ ಬಹಳ ತಡವಾಗಿ ಬಂದದ್ದು, 1568ರ ರೋಮಿನ ಪ್ರಾರ್ಥನಾ ಪುಸ್ತಕದಲ್ಲಿ ಈಗಿನ ರೂಪಕ್ಕೆ ನಿಂತಿತು. ಕಾಕತಾಳೀಯ ನೋಡಿ, ಜಪಸರದ ಮಾತೆಯ ಹೆಸರಿನ ಮಂಗಳೂರಿನ ರೊಸಾರಿಯೊ ಚರ್ಚನ್ನು ಪೋರ್ಚುಗೀಸರು ಕಟ್ಟಿದ್ದೂ ಅದೇ 1568ರಲ್ಲಿ.

ಹಾಗಾದರೆ ಸಂತ ದೊಮಿನಿಕ್‌ರಿಗೆ ಮರಿಯಮ್ಮನವರು ಜಪಸರ ಕೊಡುವ ಚಿತ್ರ? ನಮ್ಮ ಚರ್ಚಿನಲ್ಲೂ ಇದೆ. ದೊಮಿನಿಕ್ ತೀರಿಕೊಂಡದ್ದು 1221ರಲ್ಲಿ. ಅವರ ಕಾಲದ ಬರಹಗಳಲ್ಲಿ ಈ ಪ್ರಸಂಗ ಇಲ್ಲ. ಅದನ್ನು ಊರೂರಿಗೆ ಹಬ್ಬಿಸಿದವರು 15ನೇ ಶತಮಾನದ ಅಲೆನ್ ದೆ ಲಾ ರೋಶ್, ಅವರೂ ದೊಮಿನಿಕ್ ಕಟ್ಟಿದ ದೊಮಿನಿಕನ್ ಸಭೆಯವರೇ. ಚಿತ್ರ ಚೆನ್ನಾಗಿದೆ, ಇರಲಿ. ಚರಿತ್ರೆ ಅಂತ ಮಕ್ಕಳಿಗೆ ನಾನು ಹೇಳಿಕೊಡುವುದಿಲ್ಲ. ಇದಕ್ಕೆ ಒಬ್ಬರು ಹಿರಿಯರು ನನ್ನ ಮೇಲೆ ಮುನಿಸಿಕೊಂಡು ಎರಡು ತಿಂಗಳು ಮಾತು ಬಿಟ್ಟಿದ್ದರು.

ಜಪಸರದಲ್ಲಿ ಹತ್ತು ಹತ್ತು ಮಣಿಗೆ ಯೇಸು, ಮರಿಯಮ್ಮನವರ ಬದುಕಿನ ಒಂದೊಂದು ಘಟನೆ ಧ್ಯಾನಿಸುತ್ತೇವೆ, ಅದಕ್ಕೆ ರಹಸ್ಯ ಅನ್ನುತ್ತೇವೆ. ಬೆಳಕಿನ ರಹಸ್ಯಗಳು ಅನ್ನುವ ಐದು ಬಂದದ್ದಂತೂ ನಮ್ಮ ಕಣ್ಣ ಮುಂದೆ, 2002ರಲ್ಲಿ, ಎರಡನೇ ಜಾನ್ ಪಾಲ್ ಪೋಪ್ ಆಗಿದ್ದಾಗ. ಈಗ ಒಟ್ಟು 20 ರಹಸ್ಯ. ಎಣಿಸಿ ನೋಡಿ, 18 ನೇರವಾಗಿ ಬೈಬಲ್‌ನಿಂದ ಎತ್ತಿದ್ದು. ಮರಿಯಮ್ಮನವರ ಸ್ವರ್ಗಾರೋಹಣ, ಕಿರೀಟ ಧಾರಣೆ ಎರಡು ಮಾತ್ರ ಹೊರಗಿನವು. ನಿಮ್ಮ ಗೆಳೆಯರಿಗೆ ಇದನ್ನು ಹೇಳಿ.

ಹೇಳಿದ್ದನ್ನೇ ಹೇಳಬಾರದು ಅನ್ನುವ ಅವರ ಮೂರನೇ ಮಾತು ಬೈಬಲ್‌ನ ಮತ್ತಾಯ 6:7ರದ್ದು. ಅಲ್ಲಿ ಬೇಡ ಅಂದದ್ದು, ಮಾತು ಜಾಸ್ತಿ ಆಡಿದರೆ ದೇವರು ಕೇಳುತ್ತಾರೆ ಅಂದುಕೊಂಡು ಬಡಬಡಿಸುವುದನ್ನು. ತಿರುಗಿ ಹೇಳುವುದನ್ನಲ್ಲ. ಅದೇ ಮತ್ತಾಯ 26:44ರಲ್ಲಿ ಯೇಸು ಗೆತ್ಸೆಮನಿ ತೋಟದಲ್ಲಿ ಮೂರನೇ ಸಲವೂ ಅದೇ ಮಾತಿನಿಂದ ಪ್ರಾರ್ಥಿಸಿದರು ಅಂತಿದೆ. 136ನೇ ಕೀರ್ತನೆ ತೆಗೆಯಿರಿ. 26 ವಚನ, 26ರಲ್ಲೂ ಒಂದೇ ಪಲ್ಲವಿ.

ಈಗ ನಿಮ್ಮ ಪ್ರಶ್ನೆ, ಮನಸ್ಸು ಓಡುವುದು. ನನ್ನದೂ ಓಡುತ್ತೆ. ಮೂರನೇ ರಹಸ್ಯಕ್ಕೆ ಬರುವಷ್ಟರಲ್ಲಿ ಗ್ಯಾಸ್ ಬುಕ್ ಮಾಡಿದೆನಾ ಅಂತ ಶುರು. ಮೊದಲೆಲ್ಲ ಸಿಟ್ಟು ಬಂದು ಆ ಹತ್ತು ಮಣಿ ಮತ್ತೆ ಮೊದಲಿನಿಂದ ಹೇಳುತ್ತಿದ್ದೆ. ಅದು ಪೌಲರ 300 ಕಲ್ಲಿನ ಕಾಯಿಲೆ ಅಂತ ಆಮೇಲೆ ಗೊತ್ತಾಯಿತು. ಈಗ ಹಿಂದಕ್ಕೆ ಹೋಗುವುದಿಲ್ಲ. ಮನಸ್ಸು ವಾಪಸ್ ಬಂದಾಗ ಬೆರಳು ಯಾವ ಮಣಿಯ ಮೇಲಿದೆಯೋ ಅಲ್ಲಿಂದ ಮುಂದೆ. ಮಣಿ ಇರುವುದೇ ಅದಕ್ಕೆ. ಅಜ್ಜಿ ಕೊನೆ ಕೊನೆಗೆ ಜಪಸರದ ನಡುವೆಯೇ ತೂಕಡಿಸುತ್ತಿದ್ದರು. ಎಚ್ಚರವಾದ ಕೂಡಲೇ "ಎಲ್ಲಿಗೆ ಬಂತು?" ಅಂತ ನಮ್ಮನ್ನು ಕೇಳುತ್ತಿರಲಿಲ್ಲ, ಬೆರಳನ್ನು ನೋಡಿಕೊಂಡು ಶುರು ಮಾಡುತ್ತಿದ್ದರು.

ಇಡೀ ಜಪಸರದ 53 ನಮೋ ಮರಿಯಾ ಆಗದಿದ್ದರೆ ಒಂದೇ ರಹಸ್ಯ ಹೇಳಿ, ಹತ್ತು ಮಣಿ. ಈಜಿಪ್ಟಿನ ಸೋದರರ ಪ್ರಾರ್ಥನೆ ಬಾಣ ಬಿಟ್ಟ ಹಾಗೆ ಚಿಕ್ಕದು, ಅದಕ್ಕೇ ಗಮನ ಮಂಕಾಗುವುದಿಲ್ಲ ಅಂತ ಸಂತ ಅಗಸ್ಟೀನರು ಪ್ರೋಬಾ ಅನ್ನುವ ವಿಧವೆಗೆ ಪತ್ರ ಬರೆದಿದ್ದರು. ನಾನು ಬಸ್ಸಿನಲ್ಲಿ ಹೇಳುತ್ತೇನೆ, ಜೇಬಿನೊಳಗೆ ಕೈ ಇಟ್ಟುಕೊಂಡು. ಅದೂ ಬೇಡ ಅನಿಸಿದರೆ ದಿದಾಖೆಯ ದಾರಿ ಇದೆ, ಪರಲೋಕ ಪ್ರಾರ್ಥನೆ ಮೂರು ಹೊತ್ತು. ಮಧ್ಯಾಹ್ನದ ಸರದಿಗೆ ನಿಮ್ಮ ಆಫೀಸಿನ ಗೆಳೆಯರನ್ನೂ ಕರೆಯಿರಿ, ಅದಕ್ಕೆ ಅವರದ್ದೂ ತಕರಾರು ಇರಲಾರದು.

ಆ ಹುಡುಗಿಗೆ ಏನು ಹೇಳಿದೆ ಅಂತೀರಾ? ಅವಳು ತೋರಿಸಿದ್ದು ಲೂರ್ದ್ ಮಾತೆಯ ಪ್ರತಿಮೆ, ಅಂದರೆ ಫ್ರಾನ್ಸಿನ ಲೂರ್ದ್ ಊರಿನಲ್ಲಿ ಮರಿಯಮ್ಮನವರು ಕಾಣಿಸಿಕೊಂಡ ರೂಪದ್ದು. 1858ರಲ್ಲಿ ಅಲ್ಲಿ ದರ್ಶನ ಕಂಡ ಬೆರ್ನದೆತ್ ಅನ್ನುವ ಬಾಲಕಿ ಹೇಳಿದ್ದು ಹೀಗೆ: ನಾನು ನಮೋ ಮರಿಯಾ ಹೇಳುವಾಗ ಆ ಮಾತೆ ಸುಮ್ನೆ ಮಣಿ ಸರಿಸುತ್ತಿದ್ದರು, ತುಟಿ ಅಲ್ಲಾಡುತ್ತಿರಲಿಲ್ಲ. ಪಿತನಿಗೂ ಸುತನಿಗೂ ಪವಿತ್ರಾತ್ಮರಿಗೂ ಮಹಿಮೆ ಅನ್ನುವಾಗ ಮಾತ್ರ ಜೊತೆಗೆ ಹೇಳುತ್ತಿದ್ದರು. ಮುಂದಿನ ಭಾನುವಾರ ಹೋಗಿ ಇದನ್ನೇ ಹೇಳಿದೆ. ಹುಡುಗಿ ಸ್ವಲ್ಪ ಯೋಚನೆ ಮಾಡಿ, "ಮತ್ತೆ ಮಣಿ ಯಾಕೆ ಸರಿಸ್ತಿದ್ರು, ಸರ್?" ಅಂದಳು. ನಾನು ಬಾಯಿ ತೆರೆಯುವ ಮೊದಲೇ ಪಕ್ಕದಲ್ಲಿದ್ದ ಅವಳ ತಮ್ಮ ಹೇಳಿದ: "ಆ ಅಕ್ಕನಿಗೆ ಲೆಕ್ಕ ತಪ್ಪಬಾರದು ಅಂತ."